ಮಾವನವರ ರೇಶಿಮೆ ಹುರಿ

ನನ್ನ ಮಾವನವರ ಬಲಗೈಯ ಹೆಬ್ಬೆರಳು, ತೋರುಬೆರಳು ಎಷ್ಟು ನುಣುಪಾಗಿದ್ದವೆಂದರೆ ತುದಿಯ ಗೆರೆಗಳೇ ಸವೆದುಹೋಗಿದ್ದವು. ಕೂತಲ್ಲಿ ಒಂದು ಎಳೆ ಸಿಕ್ಕರೆ ಸಾಕು, ಆ ಎರಡು ಬೆರಳು ಹೊಸೆಯಲು ಶುರು ಮಾಡುತ್ತಿದ್ದವು. ನಮ್ಮ ಮನೆಯ ಚಾದರಗಳ ಅಂಚಿನಲ್ಲಿ ಬಿಡಿ ಎಳೆ ಅಂತ ಇರಲೇ ಇಲ್ಲ. ಒಮ್ಮೆ ಬೀಗರ ಮದುವೆಯಲ್ಲಿ ಪಕ್ಕದಲ್ಲಿ ಕೂತವರ ಶಾಲಿನ ಕುಚ್ಚನ್ನೆಲ್ಲ ಹೊಸೆದು, ಅವರು ಊಟಕ್ಕೆ ಏಳಲು ಹೋದಾಗ, “ತಡ್ರಿ, ಇನ್ನೊಂದ್ ಉಳದದ,” ಎಂದು ಕೂರಿಸಿದ್ದರು. ಆ ಶಾಲಿನವರು ಯಾರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮೈಂದರ್ಗಿಯಿಂದ ಸೋಲಾಪುರಕ್ಕೆ ಸೊಸೆಯಾಗಿ ಬಂದೆ. ಮಾವನವರು ಅಷ್ಟರಲ್ಲಿ ಗಿರಣಿಯ ನೂಲಿನ ಗೋದಾಮಿನ ಹೆಡ್ ಕ್ಲರ್ಕ್ ಕೆಲಸದಿಂದ ನಿವೃತ್ತರಾಗಿದ್ದರು. ವಾರವಿಡೀ ಇಸ್ತ್ರಿಯ ಧೋತರ, ಹಣೆಗೆ ವಿಭೂತಿ. ಆದರೆ ರವಿವಾರ ಬೆಳಿಗ್ಗೆ ಹಳೆಯ ಖಾಕಿ ಚಡ್ಡಿ ತೊಟ್ಟು, ಸೈಕಲ್ಲಿಗೆ ಬಿದಿರಿನ ಕೋಲು ಕಟ್ಟಿಕೊಂಡು, ಹಿಪ್ಪರಗಿ ಕೆರೆಗೆ ಮೀನು ಹಿಡಿಯಲು ಹೋಗುತ್ತಿದ್ದರು. ತತ್ತಿಯ ವಾಸನೆ ಬಂದರೆ ದಾರಿ ಬದಲಿಸುವ ಲಿಂಗವಂತರ ಮನೆಯಲ್ಲಿ ಇಂಥದ್ದೊಂದು ಹುಚ್ಚು! ವಯಸ್ಸಿನಲ್ಲಿದ್ದಾಗ ಗಿರಣಿಯ ಇಂಗ್ಲಿಷ್ ಸಾಹೇಬನೊಬ್ಬ ಇದನ್ನು ಕಲಿಸಿ, ಊರಿಗೆ ಹೋಗುವಾಗ ಕೋಲನ್ನೂ ಕೊಟ್ಟುಹೋಗಿದ್ದನಂತೆ. “ಸಾಹೇಬ ಹ್ವಾದ, ಪೀಡಾ ಇಲ್ಲೇ ಬಿಟ್ಟು ಹ್ವಾದ,” ಎನ್ನುತ್ತಿದ್ದರು ನಮ್ಮ ಅತ್ತೆ.

ಅವರು ಹಿಡಿದ ಮೀನನ್ನು ಮನೆಗೆ ತರುತ್ತಿರಲಿಲ್ಲ, ಅಲ್ಲೇ ನೀರಿಗೆ ಬಿಡುತ್ತಿದ್ದರು. ಕೆರೆಯ ಮೀನುಗಾರರು, “ಕಾಕಾ, ಆಜ ಕಿತೀ ಸೋಡಲೇ?” ಎಂದು ಕೇಳುತ್ತಿದ್ದರಂತೆ. ಎಷ್ಟು ಹಿಡಿದಿರಿ ಎಂದಲ್ಲ, ಎಷ್ಟು ಬಿಟ್ಟಿರಿ ಎಂದು. ಅತ್ತೆಗೆ ಈ ಬಿಡುವ ಪುಣ್ಯದಲ್ಲಿ ನಂಬಿಕೆ ಇರಲಿಲ್ಲ. ಅಕ್ಕಲಕೋಟದ ಕಡೆಯ ಒಕ್ಕಲುತನದ ಮನೆಯಿಂದ ಬಂದವರು, ಮಾತು ನೇರ. “ಬಿಟ್ರ ಆತೇನು? ಅದರ ಬಾಯಿಗೆ ಆದ ಗಾಯ ಯಾರ್ ಹೊಲೀತಾರ?” ಎಂದು ನನ್ನೆದುರೇ ಕೇಳಿದರು. ಮಾವನವರು ಟವೆಲ್ಲಿನ ಎಳೆ ಹೊಸೆಯುತ್ತ ಕೂತರು.

ಹಾಗಾಗಿ ಮನೆಯಲ್ಲಿ ಒಂದು ಕರಾರಿತ್ತು. ಮೀನಿನ ಕೆಲಸದ ಒಂದು ಕಡ್ಡಿಯೂ ಹೊಸ್ತಿಲು ದಾಟಬಾರದು. ಕೆರೆಯಿಂದ ಬಂದವರು ಹಿತ್ತಲ ನಲ್ಲಿಯಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು. ಬಚ್ಚಲ ಹಿಂದಿನ ತಗಡಿನ ಶೆಡ್ಡು ಮಾವನವರ ಪಾಲಿಗೆ ಬಂದಿತ್ತು.

ಅವರ ಪ್ರಾಣವೆಲ್ಲ ಇದ್ದದ್ದು ಕೋಲಿನಲ್ಲಲ್ಲ, ಹುರಿಯಲ್ಲಿ. ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿ ನೊಣಕ್ಕೂ ಕೋಲಿನ ದಪ್ಪ ದಾರಕ್ಕೂ ನಡುವೆ ಕಟ್ಟುವ, ನಾಲ್ಕು ಮೊಳದ ಹೊಸೆದ ಹುರಿ ಅದು. ಎಲ್ಲರೂ ಅಲ್ಲಿ ನೈಲಾನ್ ತಂತಿ ಕಟ್ಟುತ್ತಾರಂತೆ. ಇವರಿಗೆ ಅದು ಆಗದು. ನನ್ನ ಯಜಮಾನರು ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿಂದ ಹೊಳೆಹೊಳೆಯುವ ನೈಲಾನ್ ನೂಲು ತಂದುಕೊಟ್ಟರೆ, ಬೆರಳಲ್ಲಿ ಒಂದು ಸಲ ತಿರುವಿ, “ಇದಕ್ಕ ಹುರಿ ನಿಲ್ಲಂಗಿಲ್ಲೋ, ಜಾರತದ,” ಎಂದು ವಾಪಸು ಕೊಟ್ಟರು. ಸೀರೆ ನೇಯುವವರ ಹತ್ತಿರ ಉಳಿದ ರೇಶಿಮೆಯೇ ಆಗಬೇಕು.

ಮೊಳೆ ಹೊಡೆದ ಉದ್ದನೆಯ ಹಲಗೆಯ ಮೇಲೆ ಆ ರೇಶಿಮೆಯನ್ನು ಎರಡು ಸಾಲಾಗಿ ಸುತ್ತುತ್ತಿದ್ದರು. ಬುಡದಲ್ಲಿ ಎಳೆ ಹೆಚ್ಚು, ತುದಿಗೆ ಹೋದಂತೆ ಕಮ್ಮಿ. ಆಮೇಲೆ ಒಂದೊಂದು ಸಾಲನ್ನೂ ಒಂದೇ ದಿಕ್ಕಿಗೆ, ಕೈಯಿಂದ ತಿರುಗಿಸುವ ಬಡಗಿಯ ಡ್ರಿಲ್ಲಿಗೆ ಸಿಕ್ಕಿಸಿ ತಿರುವಬೇಕು. ತಿರುವಿದಷ್ಟೂ ಸಾಲು ಗಿಡ್ಡವಾಗುತ್ತದೆ. ಕೊನೆಗೆ ಎರಡನ್ನೂ ಜೋಡಿಸಿ ಕೈ ಬಿಟ್ಟರೆ ಅವು ತಾವಾಗಿಯೇ ಹಿಂದಕ್ಕೆ ತಿರುಗಿ, ಒಂದನ್ನೊಂದು ಸುತ್ತಿಕೊಂಡು ಒಂದೇ ಹುರಿಯಾಗುತ್ತವೆ. ಅದಕ್ಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಬಾಣಂತನ ಮುಗಿಸಿ ಬಂದು ಬೇಸರದಲ್ಲಿದ್ದ ನನ್ನನ್ನು ಅವರು ಶೆಡ್ಡಿಗೆ ಕರೆದರು. “ಎರಡೂ ಸಾಲಿಗೆ ಅಷ್ಟಷ್ಟೇ ತಿರುವು ಬೀಳಬೇಕವಾ. ಒಂದಕ್ಕ ಕಮ್ಮಿ ಬಿತ್ತಂದ್ರ ಇನ್ನೊಂದು ಅದನ್ನ ಬರೇ ಸುತ್ತತದ, ಕೂಡಂಗಿಲ್ಲ,” ಎಂದರು. ಮದುವೆಯಾದ ಹೊಸದರಲ್ಲಿ ಯಾರಾದರೂ ನನಗೆ ಹೇಳಿದ ಉಪಯೋಗದ ಮಾತು ಅದೊಂದೇ ಎಂದು ಈಗಲೂ ಅನಿಸುತ್ತದೆ.

ಒಮ್ಮೆ ನಾನೂ ಯಜಮಾನರೂ ಅವರ ಜೊತೆ ಕೆರೆಗೆ ಹೋಗಿದ್ದೆವು. ನಾನು ಮೀನು ನೋಡುತ್ತೇನೆಂದುಕೊಂಡಿದ್ದೆ, ನೋಡಿದ್ದು ಹುರಿಯನ್ನು. ದಾರ ಗಾಳಿಯಲ್ಲಿ ಹಿಂದೆ ಹೋಗಿ ಮುಂದೆ ಬಂತು. ತುದಿಯ ಹುರಿ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ನೆಟ್ಟಗಾಗಿ, ನೊಣವನ್ನು ನೀರಿನ ಮೇಲೆ ಇಳಿಸಿತು. ಸಪ್ಪಳವಿಲ್ಲ, ಉಂಗುರವಿಲ್ಲ. “ನಾವ್ ಬಂದದ್ದು ನೀರಿಗಿ ಗೊತ್ತಾಗಬಾರದು,” ಎಂದು ಪಿಸುಗುಟ್ಟಿದರು. ನೆನೆದ ಹುರಿಗೆ ಒಂದು ಕೆಟ್ಟ ಚಾಳಿ ಇತ್ತು. ಮತ್ತೆ ಬೀಸುವಾಗ ನೀರು ಸಿಡಿಸುತ್ತಿತ್ತು. ಅವರ ಕನ್ನಡಕದ ತುಂಬ ಹನಿ, ನನ್ನ ಸೀರೆಯ ತುಂಬ ಹನಿ. “ಇದಕ್ಕ ಮೇಣ ತಿಕ್ಕಬೇಕಾಗಿತ್ತು, ಮರತೆ,” ಎಂದು ಮಗುವಿನಂತೆ ನಕ್ಕರು.

ಅದೇ ವರ್ಷದ ಮಳೆಗಾಲದಲ್ಲಿ ಶೆಡ್ಡು ಸೋರತೊಡಗಿತು. ಹೊಸದಾಗಿ ಹೊಸೆದ ಹುರಿಯನ್ನು, ತಿರುವು ಕೂರಲೆಂದು, ತುದಿಗೆ ಭಾರಕ್ಕೊಂದು ಬೀಗ ಕಟ್ಟಿ ತೂಗುಬಿಡಬೇಕು. ಅಲ್ಲಿ ಒಣಗಿದ ಜಾಗವಿರಲಿಲ್ಲ. ಮಾವನವರು ಕಳ್ಳರಂತೆ ಅದನ್ನು ಒಳಗೆ ತಂದು ಪಡಸಾಲೆಯ ಗೂಟಕ್ಕೆ, ದೇವರ ಕೋಣೆಯ ಬಾಗಿಲ ಪಕ್ಕದಲ್ಲೇ, ನೇತುಹಾಕಿದರು. ಒಂದು ರಾತ್ರಿಯ ಮಾತು, ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡರು.

ಬೆಳಿಗ್ಗೆ ಗೂಟದಲ್ಲಿ ಬರೀ ಬೀಗವಿತ್ತು. ಅತ್ತೆ ಲಿಂಗಪೂಜೆ ಮುಗಿಸಿ ಹೊರಗೆ ಬಂದರು. ಲಿಂಗದ ಕರಡಿಗೆ ಕಟ್ಟುವ ಅವರ ಹಳೆಯ ಶಿವದಾರ ಎಳೆ ಬಿಟ್ಟು ಪಿಸಿದು, ಮಠಕ್ಕೆ ಹೋಗಿ ಹೊಸದು ತರಬೇಕು ಎಂದು ವಾರದಿಂದ ಹೇಳುತ್ತಿದ್ದರು. ಈಗ ಕೊರಳಲ್ಲಿ, ಇಷ್ಟಲಿಂಗದ ಕರಡಿಗೆಗೆ, ಆ ಬಿಳಿ ರೇಶಿಮೆ ಹುರಿ. “ನಾ ಹೇಳಿದ್ದು ಕಿವ್ಯಾಗ ಹಾಕ್ಕೊಂಡ್ರಿ ಅಂದಂಗಾತು. ಭಾಳ ಮೆತ್ತಗ ಅದ,” ಎಂದು ಮಾವನವರಿಗೆ ಹೇಳಿ ಅಡುಗೆಮನೆಗೆ ಹೋದರು.

ಮಾವನವರ ಕೈಯ ಬಸಿಯಲ್ಲಿದ್ದ ಚಹಾ ಆರಿಹೋಯಿತು. ನಾನು ಮೆಲ್ಲಗೆ, “ಹೇಳೂನೇನ್ರಿ ಮಾವಾರ?” ಎಂದೆ.

“ಬ್ಯಾಡವಾ,” ಎಂದರು. “ಗೊತ್ತಾದ್ರ ಈಗಿಂದೀಗ ತಗದ್ ಒಗೀತಾಳ. ನನ್ನ ಕೈಲೆ ಮಾಡಿದ್ದು ಒಂದರ ಆಕಿ ಮೈಮ್ಯಾಲೆ ಇರ್ಲಿ.” ಅವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತಾದದ್ದು ಆಗಲೇ.

ಮುಂದಿನ ರವಿವಾರ ಅವರು ಶೆಡ್ಡಿನಲ್ಲಿ ಇಕ್ಕಳ ಹಿಡಿದು ಕೂತಿದ್ದರು. ಡಬ್ಬಿಯಲ್ಲಿದ್ದ ಒಂದೊಂದೇ ನೊಣವನ್ನು ತೆಗೆದು ಅದರ ಗಾಳದ ಕೊಂಕನ್ನು ಕತ್ತರಿಸುತ್ತಿದ್ದರು. ಇನ್ನು ಮೀನು ಹೇಗೆ ಸಿಗುತ್ತದೆ ಎಂದೆ. “ಬರ್ತದ, ಬಾಯಿ ಹಾಕ್ತದ, ಹೋಗ್ತದ,” ಎಂದರು. “ಆಕಿ ಕೊರಳಾಗ ನನ್ನ ಹುರಿ ಇರೂಮುಂದ, ನಾ ಅಲ್ಲಿ ಹೋಗಿ ಇಂಥಾದೇ ಹುರೀಲೆ ಒಂದ್ ಜೀವದ ಬಾಯಿ ಹರಿಯೂದು ಯಾಕೋ ಸರಿ ಕಾಣವಲ್ದು. ನಿಮ್ಮತ್ತಿಗಿ ಹೇಳಬ್ಯಾಡ ಮತ್ತ. ಗೆದ್ದೆ ಅಂತಾಳ.” ಆಮೇಲೆ ಸಾಯುವ ತನಕ ಅವರು ಕೆರೆಗೆ ಹೋದದ್ದು ಹಾಗೆಯೇ. ಹುರಿ ಮಾತ್ರ ಮೊದಲಿಗಿಂತ ಚೆನ್ನಾಗಿ ಹೊಸೆದರು.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೊದ್ದಿದ್ದ ಚಾದರದ ಎರಡು ಎಳೆ ಅವರ ಬೆರಳ ನಡುವೆಯೇ ಇದ್ದವು. ನಾನು ನನ್ನ ಸ್ವಂತ ತಂದೆಗೂ ಅಷ್ಟು ಅತ್ತಿರಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನೂ ಅತ್ತೆಯೂ ಶೆಡ್ಡು ತೆರೆದೆವು. ಅತ್ತೆ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ನೊಣದ ಡಬ್ಬಿ ಬಿಚ್ಚಿ ನೋಡಿದರು. ಒಂದನ್ನು ಅಂಗೈಯಲ್ಲಿಟ್ಟು ಬೆರಳಿಂದ ಮುಟ್ಟಿದರು, ಇನ್ನೊಂದನ್ನು ಮುಟ್ಟಿದರು. ಯಾವುದೂ ಚುಚ್ಚಲಿಲ್ಲ. “ಗಾಳ ಎಲ್ಲಿ ಹ್ವಾದ್ವು?” ಎಂದರು. ನಾನು ಎಲ್ಲ ಹೇಳಿದೆ. ಕೊರಳಲ್ಲಿರುವುದು ಶಿವದಾರಕ್ಕೆಂದು ಹೊಸೆದದ್ದಲ್ಲ ಎಂಬುದನ್ನೂ ಹೆದರುತ್ತಲೇ ಹೇಳಿದೆ.

ಅತ್ತೆ ನೊಣಗಳನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಆಮೇಲೆ, “ಹುಚ್ಚಿ, ಅದು ನನಗ ಆವತ್ತೇ ಗೊತ್ತಿತ್ತು,” ಎಂದರು. “ಶಿವದಾರ ಎಲ್ಯಾರ ಒಂದ್ ಕಡಿ ದಪ್ಪ, ಒಂದ್ ಕಡಿ ಸಣ್ಣ ಇರ್ತದೇನು? ಮಳ್ಯಾಗ ತೊಯ್ಸಿಕೊಂಡು ಕುಂತು ಹೊಸೀತಿದ್ರು. ಹುರೀದೇನು ತಪ್ಪು, ತಪ್ಪು ಗಾಳದ್ದಿತ್ತು. ಇದೊಂದರ ಮನಿಯೊಳಗ ಬರ್ಲಿ ಅಂತ ಹಾಕ್ಕೊಂಡೆ.” ಸೆರಗಿನಿಂದ ಮುಖ ಒರೆಸಿಕೊಂಡರು. “ಗಾಳ ಮುರದದ್ದು ನನಗೂ ಒಂದ್ ಮಾತ್ ಹೇಳಬಾರದಾಗಿತ್ತೇನು?”

ನನಗೆ ಹುರಿ ಹೊಸೆಯಲು ಕಲಿಸಿದವರು ಮಾವನವರು. ತಮ್ಮ ಸಾಲಿಗೂ ಅತ್ತೆಯ ಸಾಲಿಗೂ ಅಷ್ಟಷ್ಟೇ ತಿರುವು ಬಿದ್ದಿದೆ ಎಂಬುದು ಮಾತ್ರ ಅವರಿಗೆ ಗೊತ್ತಾಗದೆ ಹೋಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಮರುವರ್ಷ ಅತ್ತೆಯ ಕೊರಳ ಹುರಿ ಪಿಸಿಯಿತು. ಮಠದಿಂದ ಹೊಸ ಶಿವದಾರ ತರಲೇ ಎಂದೆ. ಬೇಡವೆಂದು ತಲೆಯಾಡಿಸಿ, ಸೀರೆಯವರ ಹತ್ತಿರ ತಾವೇ ಕೇಳಿ ತಂದಿದ್ದ ರೇಶಿಮೆಯ ಲಡಿಯನ್ನು ನನ್ನ ಉಡಿಯಲ್ಲಿ ಹಾಕಿದರು. ಶೆಡ್ಡಿನಿಂದ ಆ ಹಲಗೆಯನ್ನು ಪಡಸಾಲೆಗೆ ತರಿಸಿ, ಒಂದು ಸಾಲಿನ ತುದಿಯನ್ನು ತಾವೇ ಹಿಡಿದು ಕೂತರು.

“ಅವರು ಮಾಡಿದಂಗೇ ಮಾಡವಾ,” ಎಂದರು. “ಒಂದ್ ಕಡಿ ದಪ್ಪ, ಒಂದ್ ಕಡಿ ಸಣ್ಣ.”