ನಂಬುವಂಥ ತಪ್ಪು

ಸಮಾಜ ವಿಜ್ಞಾನದ ಮೇಷ್ಟ್ರುಗಳು ಅವರನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕೀ ಮೇಡಂ. ಪರೀಕ್ಷೆಯ ಕೀ ಉತ್ತರಗಳೆಲ್ಲ ಅವರ ಬೀರುವಿನಲ್ಲಿ ಇರುತ್ತಿದ್ದವು ಎಂಬುದು ಒಂದು ಕಾರಣ. ಲೋಕದ ಯಾವ ಮಾತಿಗೂ ಸರಿ ಉತ್ತರ ಒಂದೇ, ಅದೂ ತಮ್ಮ ಹತ್ತಿರವೇ ಇದೆ ಎಂದು ಅವರು ನಂಬಿದ್ದರು ಎಂಬುದು ಇನ್ನೊಂದು. ಅವರು ತರಗತಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಪಾಠ ಮಾಡುವವರನ್ನು ಕಂಡರೆ ಪಾಠ ಬಿಟ್ಟವರಿಗೆ ಎಂಥ ತಾತ್ಸಾರ ಇರುತ್ತದೆಂದು ತಿಳಿಯಬೇಕಾದರೆ ಕೀ ಮೇಡಂ ಮೂಗು ಮುರಿಯುವುದನ್ನು ನೋಡಬೇಕಿತ್ತು. ಈಗ ಅವರ ಕೆಲಸ ಪರೀಕ್ಷಾ ಕಚೇರಿಯ ಮಹಡಿಯಲ್ಲಿ ಕೂತು, ಮಕ್ಕಳು ಏನು ಕಲಿತಿರಬೇಕು ಎಂಬ ಮಾನದಂಡದ ಪಟ್ಟಿಗೆ ಹೊಂದುವಂತೆ ಪ್ರಶ್ನೆ ಬರೆಯುವುದು, ಮತ್ತು ಬರೆಯುವ ವಿದ್ಯೆಯನ್ನು ಉಳಿದ ಮೇಷ್ಟ್ರುಗಳ ತಲೆಗೆ ತುಂಬುವುದು.

ತರಬೇತಿಯ ಕೋಣೆಯಲ್ಲಿ ಫ್ಯಾನು ಗರಗರ ಎನ್ನುತ್ತಿರುತ್ತಿತ್ತು. ಮೇಷ್ಟ್ರುಗಳು ಭತ್ಯೆಯ ಹಾಳೆಗೆ ಸಹಿ ಹಾಕಿ ಆಕಳಿಸುತ್ತ ಕೂತಿರುತ್ತಿದ್ದರು. ಒಮ್ಮೆ ಒಬ್ಬ ಮಹಾನುಭಾವ ದೇಶದ ಮೊದಲ ಪ್ರಜೆ ಯಾರು ಎಂದು ಕೇಳಿ, ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಆನೆಯನ್ನು ಬರೆದಿದ್ದ.

"ಆನೆನಾ?" ಎಂದರು ಕೀ ಮೇಡಂ. "ಯಾವ ಮಗು ರೀ ಆನೆಗೆ ಗುರುತು ಹಾಕತ್ತೆ?"

"ಇನ್ನೊಂದು ಬೇಕಿತ್ತು ಮೇಡಂ. ಏನೂ ಹೊಳೀಲಿಲ್ಲ."

"ಸರಿ ಉತ್ತರ ಯಾರು ಬೇಕಾದ್ರೂ ಬರೀತಾರೆ, ಪುಸ್ತಕ ತೆಗೆದ್ರೆ ಸಿಗತ್ತೆ. ತಪ್ಪು ಉತ್ತರ ಬರೆಯೋಕೆ ತಲೆ ಬೇಕು. ನಂಬೋ ಹಾಗಿರ್ಬೇಕು ತಪ್ಪು. ಬುದ್ಧಿವಂತ ಮಗು ಅದನ್ನ ದಾಟಿ ಹೋಗ್ಬೇಕು, ದಡ್ಡ ಮಗು ಮುಗ್ಗರಿಸ್ಬೇಕು. ಹಾಗಾದ್ರೆ ಮಾತ್ರ ಪ್ರಶ್ನೆ ಗಟ್ಟಿ."

ಮಕ್ಕಳು ಮುಗ್ಗರಿಸಲಿ ಎಂದು ಹೊಂಡ ತೋಡುವುದನ್ನೇ ವಿದ್ಯೆ ಎಂದು ಕರೆಯುವ ಈ ಮಾತನ್ನು ಮೇಷ್ಟ್ರುಗಳು ಅಕ್ಷರ ಬಿಡದೆ ಬರೆದುಕೊಂಡರು. ಆನೆಯ ಮೇಷ್ಟ್ರು ಕೆಳಗೆ ಎರಡು ಗೆರೆಯನ್ನೂ ಎಳೆದ.

ಕೀ ಮೇಡಂಗೆ ಒಬ್ಬಳು ತಂಗಿ. ಬಸ್ ಡಿಪೋ ಪಕ್ಕದ ಶಾಲೆಯಲ್ಲಿ ಅವಳೂ ಸಮಾಜ ವಿಜ್ಞಾನವನ್ನೇ ಕಲಿಸುತ್ತಿದ್ದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷದ ಮಾನದಂಡ ಪರೀಕ್ಷೆಯಲ್ಲಿ ಅವಳ ತರಗತಿಯ ಸರಾಸರಿ ಗೆರೆ ದಾಟಿದರೆ ಕಾಯಂ, ದಾಟದಿದ್ದರೆ ಮನೆಗೆ. ಊರಿನ ಅರ್ಧ ಶಾಲೆಗಳಲ್ಲಿ ತಾತ್ಕಾಲಿಕ ಎನಿಸಿಕೊಂಡು ಸವೆದಿದ್ದ ಅವಳಿಗೆ ಇದೇ ಕೊನೆಯ ಅವಕಾಶ. ಸಾಯಂಕಾಲ ಶಾಲೆ ಬಿಟ್ಟವಳು ನೇರ ಅಕ್ಕನ ಮನೆಗೆ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ, ಕಾಫಿ ಕುಡಿಯುತ್ತ ಮಕ್ಕಳ ಸುದ್ದಿ ಹೇಳುತ್ತಿದ್ದಳು. ಅಕ್ಕ ಅವಳಿಗೆ ಒಂದು ಪ್ರಶ್ನೆಯ ವಾಸನೆಯನ್ನೂ ಬಿಟ್ಟುಕೊಟ್ಟವರಲ್ಲ. ಆ ವಿಷಯದಲ್ಲಿ ತಾವು ಬೆಂಕಿಯಂಥವರು ಎಂದು ಅವರಿಗೆ ಹೆಮ್ಮೆ. ಕೊಡಬಾರದು ಎಂದು ನಿಯಮವಿತ್ತು, ಅವಳಿಂದ ತೆಗೆದುಕೊಳ್ಳಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ಒಂದು ಸಂಜೆ ತಂಗಿ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಅಕ್ಕ, ಇವತ್ತು ಮಕ್ಕಳನ್ನ ನಗರಸಭೆಯ ಸಭೆಗೆ ಕರ್ಕೊಂಡು ಹೋಗಿದ್ದೆ. ಆಟದ ಮೈದಾನವನ್ನ ಗಾಡಿ ನಿಲ್ಲಿಸೋ ಜಾಗ ಮಾಡ್ಬೇಕು ಅನ್ನೋ ನಿರ್ಣಯ ಇತ್ತು."

"ಅದು ಯಾವ ಮಾನದಂಡದಲ್ಲಿ ಬರತ್ತೆ?"

"ಯಾವ್ದರಲ್ಲೂ ಬರಲ್ಲ, ಸುಮ್ನೆ ಕೇಳು. ಗುಮಾಸ್ತರು ಅದನ್ನ ಓದೋಕೆ ಎದ್ದು ನಿಂತು ಇನ್ನೂ ಕನ್ನಡಕ ಹುಡುಕ್ತಾ ಇದ್ರು. ಸದಸ್ಯರ ಕೈಯೆಲ್ಲ ಆಗಲೇ ಮೇಲೆ! ಹೊರಗೆ ಬಂದ ಮೇಲೆ ನಮ್ಮ ಹುಡುಗಿ ಒಬ್ಬಳು, 'ಮಿಸ್, ಓದೋಕೆ ಮೊದಲೇ ಕೈ ಎತ್ತಿಬಿಟ್ರಲ್ಲ' ಅಂದ್ಳು. ನಾನು ವರ್ಷವೆಲ್ಲ ಬಡ್ಕೊಂಡ್ರೂ ಅಷ್ಟು ಹೇಳ್ಕೊಡೋಕೆ ಆಗ್ತಿರಲಿಲ್ಲ. ಅದನ್ನ ಬೋರ್ಡ್ ಮೇಲೆ ಬರೆದು, ಹಾಗೆ ಯಾಕೆ ಮಾಡ್ತಾರೆ ಅಂತ ಎಲ್ಲರ ಕೈಲೂ ವಾದ ಮಾಡಿಸ್ದೆ."

ಅಕ್ಕ "ಹೂಂ" ಎಂದರು. ಪರೀಕ್ಷೆ ಹತ್ತಿರವಿಟ್ಟುಕೊಂಡು ಮಕ್ಕಳನ್ನು ಊರು ಸುತ್ತಿಸುವವಳ ಬಗ್ಗೆ ಅವರಿಗೆ ಇದ್ದ ಅಭಿಪ್ರಾಯವೆಲ್ಲ ಆ ಹೂಂಕಾರದಲ್ಲಿ ಇತ್ತು.

ಮರುದಿನ ಕಚೇರಿಯಲ್ಲಿ ಸ್ಥಳೀಯ ಆಡಳಿತದ ಪ್ರಶ್ನೆಯೊಂದು ಮೊಂಡು ಹಿಡಿದು ಕೂತಿತ್ತು. ನಗರಸಭೆಯಲ್ಲಿ ನಿರ್ಣಯ ಹೇಗೆ ಅಂಗೀಕಾರವಾಗುತ್ತದೆ? ಸದಸ್ಯರು ಚರ್ಚಿಸಿ ಬಹುಮತದಿಂದ ಅಂಗೀಕರಿಸುತ್ತಾರೆ ಎಂಬುದು ಸರಿ ಉತ್ತರ, ಎರಡನೆಯ ಆಯ್ಕೆ. ನ್ಯಾಯಾಲಯ, ಪೊಲೀಸು ಎಂದು ಎರಡು ತಪ್ಪುಗಳು ಸಿಕ್ಕಿದ್ದವು. ಮೂರನೆಯ ಆಯ್ಕೆಗೆ ಇನ್ನೊಂದು ತಪ್ಪು ಬೇಕೆಂದು ಕೀ ಮೇಡಂ ಪೆನ್ನು ಕಚ್ಚುತ್ತ ಕೂತರು. ಆಗ ತಟ್ಟನೆ ತಂಗಿಯ ಮಾತು ನೆನಪಾಯಿತು. ವಿಷಯವನ್ನು ಓದುವ ಮೊದಲೇ ಸದಸ್ಯರು ಕೈ ಎತ್ತುತ್ತಾರೆ ಎಂದು ಬರೆದು, ತಲೆ ಓರೆ ಮಾಡಿ ನೋಡಿದರು. ಎಷ್ಟು ಮುದ್ದಾದ ತಪ್ಪು! ಮಕ್ಕಳ ಬಾಯಿಂದಲೇ ಬಂದದ್ದು, ನಂಬದೆ ಇರುವಂತೆಯೇ ಇಲ್ಲ. ಖುಷಿಗೆ ಎದ್ದುಹೋಗಿ ತಾವೇ ಕಿಟಕಿ ತೆರೆದರು. ಕಚೇರಿಯ ನಿರ್ದೇಶಕರು ಓದಿ, "ನೀವು ಬಿಡಿ ಮೇಡಂ" ಎಂದು ತಲೆದೂಗಿದರು.

ಪರೀಕ್ಷೆ ಮುಗಿದ ಸಂಜೆ ತಂಗಿ ಕುಣಿಯುತ್ತಲೇ ಬಂದಳು. "ಅಕ್ಕ, ನಮ್ಮ ಮಾತು ಪೇಪರ್‌ನಲ್ಲಿ ಬಂದಿದೆಯಂತೆ! 'ಮಿಸ್, ನಾವು ನೋಡಿದ್ದನ್ನೇ ಪ್ರಿಂಟ್ ಮಾಡಿದ್ದಾರೆ' ಅಂತ ಮಕ್ಕಳು ಗೇಟಿನ ಹತ್ರನೇ ಮುತ್ಕೊಂಡ್ರು."

"ಎಲ್ಲರೂ ಅದಕ್ಕೇ ಗುರುತು ಹಾಕಿದ್ರಾ?"

"ಹಾಕದೆ ಇರ್ತಾರಾ? ಕಣ್ಣಾರೆ ನೋಡಿದ್ದಾರೆ."

ಒಲೆಯ ಮೇಲೆ ಹಾಲು ಉಕ್ಕಿತು. ಕೀ ಮೇಡಂ ಅದನ್ನು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತರು. ಹೇಳಬೇಕಾದ್ದನ್ನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಫಲಿತಾಂಶಕ್ಕೆ ಮೊದಲು ಕೀ ಉತ್ತರ ಬಾಯಿಬಿಡುವುದು ನಿಯಮಕ್ಕೆ ವಿರುದ್ಧ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೇಡಿತನಕ್ಕೆ ನಿಯಮದಷ್ಟು ಬೆಚ್ಚನೆಯ ಹೊದಿಕೆ ಬೇರೆ ಯಾವುದಿದೆ?

ಫಲಿತಾಂಶ ಬಂತು. ತಂಗಿಯ ತರಗತಿ ಕೂದಲೆಳೆಯಷ್ಟರಲ್ಲಿ ಗೆರೆ ತಪ್ಪಿತ್ತು. ಆ ಒಂದು ಪ್ರಶ್ನೆಯನ್ನು ಕೈಬಿಟ್ಟು ಎಲ್ಲರಿಗೂ ಅಂಕ ಕೊಟ್ಟಿದ್ದರೆ ದಾಟುತ್ತಿತ್ತು. ಈ ಸಲ ತಂಗಿ ಅಡುಗೆಮನೆಗೆ ಬರದೆ ಬಾಗಿಲಲ್ಲೇ ನಿಂತಳು.

"ಅದನ್ನ ಬರೆದಿದ್ದು ನೀನೇನಾ?"

"ಹೌದು."

"ಬರೆಯೋವಾಗ ಅದು ನಿಜ ಅಂತ ಗೊತ್ತಿತ್ತಲ್ವಾ ನಿನಗೆ?"

"ಗೊತ್ತಿತ್ತು ಕಣೇ. ನಿಜ ಬೇರೆ, ಸರಿ ಉತ್ತರ ಬೇರೆ."

ತಂಗಿ ಅಕ್ಕನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿ, ಮೆಟ್ಟಿಲಿಳಿದು ಹೋದಳು. ಆಡಿದ ಮಾತು ಕಿವಿಗೆ ಬಿದ್ದ ಮೇಲೆ ಕೀ ಮೇಡಂಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಬರೆದವರೇ ಕೇಳಿಕೊಂಡರೆ ಪ್ರಶ್ನೆಯನ್ನು ಕೈಬಿಡುವ ಅವಕಾಶ ಇತ್ತು. ತಮ್ಮ ಒಂದು ಪ್ರಶ್ನೆಯೂ ಈವರೆಗೆ ಬಿದ್ದಿಲ್ಲ ಎಂದು ಎದೆ ಉಬ್ಬಿಸುತ್ತಿದ್ದ ಅವರು, ಆ ಬಿಂಕವನ್ನು ನುಂಗಿಕೊಂಡು ಪರಿಶೀಲನಾ ಸಮಿತಿಯ ಮುಂದೆ ಹೋಗಿ ನಿಂತರು.

ಸಮಿತಿಯಲ್ಲಿದ್ದವರು ನಿರ್ದೇಶಕರು ಮತ್ತು ಕೀ ಮೇಡಂ ಕೈಕೆಳಗೆ ಪಳಗಿದ ಮೇಷ್ಟ್ರುಗಳು. ಆನೆಯ ಮೇಷ್ಟ್ರೂ ಅಲ್ಲಿದ್ದ. ಬಡ್ತಿ ಸಿಕ್ಕಿತ್ತು.

"ಈ ಪ್ರಶ್ನೆ ಕೈಬಿಡ್ಬೇಕು ಸರ್. ಮೂರನೇ ಆಯ್ಕೆಯೂ ನಿಜ. ಮಕ್ಕಳು ಹೋಗಿ ನೋಡ್ಕೊಂಡು ಬಂದಿದ್ದಾರೆ."

ನಿರ್ದೇಶಕರು ಪರದೆಯ ಮೇಲಿನ ಅಂಕಗಳ ನಕ್ಷೆ ತೋರಿಸಿ ನಕ್ಕರು. "ಇದು ನಿಮ್ಮದೇ ಪಾಠ ಅಲ್ವಾ ಮೇಡಂ? ಒಳ್ಳೆ ತಪ್ಪಿಗೆ ದಡ್ಡರು ಬೀಳ್ಬೇಕು. ಇದಕ್ಕೆ ಬಿದ್ದೋರು ಯಾರು? ಗೆರೆ ದಾಟದ ತರಗತಿ. ಇದಕ್ಕಿಂತ ಗಟ್ಟಿ ಪ್ರಶ್ನೆ ಬೇಕಾ?"

"ಇದಕ್ಕೆ ಬಿದ್ದಿದ್ದಕ್ಕೇ ಅವರು ಗೆರೆ ದಾಟಲಿಲ್ಲ ಸರ್!"

"ಅದನ್ನೇ ನಾನೂ ಹೇಳ್ತಿರೋದು."

ತಮ್ಮ ಪಾಠ ಇಷ್ಟು ಚೆನ್ನಾಗಿ ಒಬ್ಬರ ತಲೆಗೆ ಹತ್ತಿದ್ದನ್ನು ಕೀ ಮೇಡಂ ಹಿಂದೆಂದೂ ಕಂಡಿರಲಿಲ್ಲ. ಆ ತರಗತಿಯ ಟೀಚರ್ ನನ್ನ ತಂಗಿ ಎಂದೂ ಹೇಳಿಬಿಟ್ಟರು. ಕೋಣೆಯಲ್ಲಿ ಗುಸುಗುಸು ಎದ್ದಿತು. ಓಹೋ, ವಿಷಯ ಇದಾ ಎಂಬಂತೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಲ್ಲಿಯ ತನಕ ಸಮಿತಿಯ ಮೂರ್ಖತನವಷ್ಟೇ ಆಗಿದ್ದದ್ದು ಈಗ ನ್ಯಾಯನಿಷ್ಠುರತೆಯಾಗಿ ಬಡ್ತಿ ಪಡೆಯಿತು. ನಿರ್ದೇಶಕರು, "ಹಾಗಾದ್ರೆ ಈ ಪ್ರಶ್ನೆಯನ್ನ..." ಎಂದು ಬಾಯಿ ತೆರೆಯುವಷ್ಟರಲ್ಲಿ ಆನೆಯ ಮೇಷ್ಟ್ರು ಕೈ ಎತ್ತಿಯಾಗಿತ್ತು. ಅವನನ್ನು ನೋಡಿ ಉಳಿದವರೂ ಎತ್ತಿದರು. ಪ್ರಶ್ನೆ ಉಳಿಯಿತು, ಮಾದರಿ ಪ್ರಶ್ನೆ ಎಂದು ತರಬೇತಿಯ ಪುಸ್ತಕಕ್ಕೂ ಸೇರಿತು.

ತಂಗಿಯ ಕೊನೆಯ ವಾರದಲ್ಲಿ ಕೀ ಮೇಡಂ ಡಿಪೋ ಪಕ್ಕದ ಶಾಲೆಗೆ ಹೋದರು. ಕೆಲಸ ಉಳಿಸಲಾಗದಿದ್ದರೂ ಮಕ್ಕಳಿಗಾದರೂ ನಿಜ ಹೇಳಬೇಕು ಎಂದು ಮನಸ್ಸು ಕೊರೆಯುತ್ತಿತ್ತು. ತಂಗಿ ಬೇಡ ಎನ್ನಲಿಲ್ಲ. ಕಪ್ಪುಹಲಗೆಯ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಕೀ ಮೇಡಂ ತರಗತಿಯಲ್ಲಿ ನಿಂತರು.

"ಮಕ್ಕಳೇ, ಆ ನಗರಸಭೆಯ ಪ್ರಶ್ನೆ ಬರೆದಿದ್ದು ನಾನು. ನೀವು ಗುರುತು ಹಾಕಿದ್ದು ತಪ್ಪಲ್ಲ. ನೀವು ನೋಡಿದ್ದೇ ನಿಜ. ತಪ್ಪು ನನ್ನದು."

ಯಾರೂ ಖುಷಿಪಡಲಿಲ್ಲ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. ಅಂದು ಸಭೆಯಿಂದ ಹೊರಬಂದು ಆ ಮಾತು ಆಡಿದವಳು ಅವಳೇ.

"ಇಲ್ಲ ಮೇಡಂ, ಸರಿ ಉತ್ತರ ಎರಡನೇದು. ಚರ್ಚಿಸಿ ಬಹುಮತದಿಂದ ಅಂಗೀಕರಿಸುತ್ತಾರೆ. ಎಲ್ಲರೂ ಬಾಯಿಪಾಠ ಮಾಡ್ಕೊಂಡಿದ್ದೀವಿ."

"ಆದ್ರೆ ನೀನು ಕಣ್ಣಾರೆ ನೋಡಿದ್ಯಲ್ಲಮ್ಮ?"

ಹುಡುಗಿ ತನ್ನ ಮಿಸ್ ಕಡೆ ಒಂದು ಸಲ ನೋಡಿದಳು.

"ನೋಡಿದ್ದನ್ನ ಬರೆದಿದ್ದಕ್ಕೇ ಅಲ್ವಾ ನಮ್ಮ ಮಿಸ್ ಹೋಗ್ತಿರೋದು? ಇನ್ಮೇಲೆ ಬರೆಯಲ್ಲ ಮೇಡಂ."