ಟೇಪಕ್ಕ ಅಳೆದ ನೆರಳು

ಆ ಊರಿನಲ್ಲಿ ಎಲ್ಲರಿಗಿಂತ ಮೊದಲು ಅಜಾನ್ ಕೇಳಿಬರುತ್ತಿದ್ದುದು ಹಗ್ಗದ ಕಾರ್ಖಾನೆಯ ಹಿಂದಿನ ಗಲ್ಲಿಯಿಂದ. ಗಲ್ಲಿಯವರಿಗೆ ಅದೇ ದೊಡ್ಡ ಹೆಮ್ಮೆ. ನದಿಯಾಚೆಯ ಮಸೀದಿಯವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವರ ನಮಾಜು ಮುಗಿಯುತ್ತ ಬಂದಿರುತ್ತಿತ್ತು. "ಪಾಪ, ಅವರಿಗೆ ನಿದ್ದೆ ಜಾಸ್ತಿ" ಎಂದು ಇವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಟೇಪಕ್ಕನ ಅಣ್ಣ. ಆ ಪುಟ್ಟ ಮಸೀದಿಯಲ್ಲಿ ಅಜಾನ್ ಕೂಗುವವನೂ ಅವನೇ, ನಮಾಜಿಗೆ ಮುಂದೆ ನಿಲ್ಲುವವನೂ ಅವನೇ.

ಟೇಪಕ್ಕ ದರ್ಜಿ. ಅಳತೆಯ ಟೇಪು ಸದಾ ಕೊರಳಲ್ಲಿ ನೇತಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ನಿಜವಾದ ಹೆಸರು ಕೇಳಿದರೆ ಅವಳ ಗಂಡನೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಿತ್ತು. 'ಸುಮಾರು' ಎಂಬ ಮಾತು ಅವಳಿಗೆ ಆಗಿಬರುತ್ತಿರಲಿಲ್ಲ. ತೋಳು ಸ್ವಲ್ಪ ಸಡಿಲ ಇರಲಿ ಎಂದು ಯಾರಾದರೂ ಹೇಳಿದರೆ ಮುಗಿಯಿತು. "ಸ್ವಲ್ಪ ಅಂದ್ರೆ ಎಷ್ಟು? ಒಂದು ಬೆರಳೋ ಎರಡೋ?" ಎಂದು ಜೀವ ತಿನ್ನುತ್ತಿದ್ದಳು.

ಈ ಗುಣ ಅಪ್ಪನದು. ಹಿಂದಿನ ಊರಿನಲ್ಲಿ ನಮಾಜಿನ ಹೊತ್ತುಗಳನ್ನು ಲೆಕ್ಕ ಹಾಕುತ್ತಿದ್ದವರು ಅವರೇ. ಅಣ್ಣನದು ಒಳ್ಳೆಯ ಕಂಠ ಎಂದು ಅವನನ್ನು ಓದುವುದಕ್ಕೆ ಕೂರಿಸಿ, ಬಿಸಿಲಿನ ಕೆಲಸಕ್ಕೆ ಮಗಳನ್ನು ಕರೆದೊಯ್ಯುತ್ತಿದ್ದರು. ನೆಟ್ಟ ಕೋಲಿನ ನೆರಳು ಬೆಳಿಗ್ಗೆ ಉದ್ದ, ನಡುಹಗಲಿಗೆ ಗಿಡ್ಡ, ಆಮೇಲೆ ಮತ್ತೆ ಉದ್ದ. ನೆರಳು ಅತಿ ಗಿಡ್ಡವಾಗಿ ಬೀಳುವ ನಡುಗೆರೆಯನ್ನು ದಾಟಿದ ಮೇಲೆಯೇ ಮಧ್ಯಾಹ್ನದ ನಮಾಜಿನ ಹೊತ್ತು. ಆ ಗಿಡ್ಡ ನೆರಳನ್ನು ಗುರುತು ಹಾಕಿಟ್ಟು, ಅದರ ಮೇಲೆ ಇನ್ನೂ ಒಂದು ಕೋಲಿನಷ್ಟು ಉದ್ದ ಬೆಳೆದಾಗ ಇಳಿಹೊತ್ತಿನದು. ಒಮ್ಮೆ ಗಿಡ್ಡ ನೆರಳಿನ ಗುರುತು ಹಾಕುವುದನ್ನೇ ಮರೆತು ಇಳಿಹೊತ್ತನ್ನು ಬೇಗನೆ ಹೇಳಿಬಿಟ್ಟಿದ್ದಳು. ಅಪ್ಪ ಬೈಯಲಿಲ್ಲ, ಮಾರನೆಯ ದಿನ ಇಡೀ ಹಗಲು ಅವಳೊಬ್ಬಳಿಂದಲೇ ಅಳೆಸಿದರು. ಅದನ್ನು ಅವಳು ಇಂದಿಗೂ ಮರೆತಿಲ್ಲ.

ವರ್ಷವಿಡೀ ಹೀಗೆ ಅಳೆದು, ಬೆಳಗಿನ ಬಿಳಿ ಬೆಳಕನ್ನೂ ಸಂಜೆಯ ಕೆಂಪನ್ನೂ ಕಾದು, ಅಪ್ಪ ಮರದ ಹಲಗೆಯ ಮೇಲೆ ಬಣ್ಣದಲ್ಲಿ ನಮಾಜಿನ ಗಂಟೆ-ನಿಮಿಷಗಳ ಒಂದು ಪಟ್ಟಿ ಬರೆದಿದ್ದರು. ಅಪ್ಪ ತೀರಿಕೊಂಡ ಮೇಲೆ, ಹಳೆಯ ಊರಿನ ಕಾರ್ಖಾನೆ ಬಾಗಿಲು ಹಾಕಿದಾಗ, ಗಲ್ಲಿಗೆ ಗಲ್ಲಿಯೇ ಗಂಟುಮೂಟೆ ಕಟ್ಟಿ ಹೊಸ ಊರಿಗೆ ಬಂತು. ರೈಲಿನಲ್ಲಿ ಅಣ್ಣ ಆ ಹಲಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಪ್ಪನ ಕೋಲು ಟೇಪಕ್ಕನ ಪಾಲಿಗೆ ಬಂತು. ಹಲಗೆ ಮಸೀದಿಯ ಗೋಡೆ ಏರಿತು, ಅಣ್ಣ ಅದನ್ನು ನೋಡಿಯೇ ಅಜಾನ್ ಕೂಗುತ್ತಿದ್ದ. ಕೋಲು ಟೇಪಕ್ಕನ ಮಹಡಿಯಲ್ಲಿ ಬಟ್ಟೆಯ ಹಗ್ಗಕ್ಕೆ ಆಸರೆಯಾಯಿತು.

ಗಲ್ಲಿಯ ಪಡುವಣಕ್ಕೆ ಬೆಟ್ಟದಂಥ ಹಳೆಯ ಗೋದಾಮು ಇತ್ತು. ಆ ವರ್ಷ ಅದನ್ನು ಕೆಡವಿದರು. ಮರುದಿನ ಸಂಜೆ ಟೇಪಕ್ಕ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಳಗೆ ಅಣ್ಣನ ಅಜಾನ್ ಎದ್ದಿತು, ಸೂರ್ಯ ಮುಳುಗಿದ ಮೇಲಿನ ಅಜಾನ್. ಅವಳು ತಲೆ ಎತ್ತಿದಳು. ಗೋದಾಮು ಇದ್ದ ಜಾಗದಲ್ಲಿ ಸೂರ್ಯ ಆರಾಮಾಗಿ ಕೂತಿದ್ದ, ಮುಳುಗುವ ಅವಸರವೇ ಇಲ್ಲದವನ ಹಾಗೆ.

ಹೊತ್ತಾಗುವ ಮೊದಲೇ ಮಾಡಿದ ನಮಾಜು ನಮಾಜೇ ಅಲ್ಲ ಎಂದು ಗಲ್ಲಿಯ ಮಕ್ಕಳಿಗೆಲ್ಲ ಕಲಿಸಿದವನು ಅವಳ ಅಣ್ಣನೇ. ಗಲ್ಲಿಯಲ್ಲಿ ಮಹಡಿ ಇದ್ದದ್ದು ಅವಳ ಮನೆಗೊಂದಕ್ಕೇ, ಗಂಡಸರೆಲ್ಲ ಆ ಹೊತ್ತಿಗೆ ಮಸೀದಿಯ ಒಳಗೆ. ನೋಡಿದವಳು ತಾನೊಬ್ಬಳೇ. ಹೇಳಿದರೆ ಅಣ್ಣ ತಲೆ ಎತ್ತಿ ತಿರುಗುವುದು ಹೇಗೆ? ಹೇಳದಿದ್ದರೆ ನಾಳೆ ಸಂಜೆಯೂ ಇದೇ. ಅಪ್ಪ ತಪ್ಪಿದರೇ ಎಂಬ ಯೋಚನೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆ ದಿನ ಅವಳು ಒಂದು ಅಂಗಿಗೆ ತೋಳು ತಿರುಗುಮುರುಗು ಹೊಲಿದಳು.

ಉತ್ತರ ಸಿಕ್ಕಿದ್ದು ಆ ತೋಳನ್ನು ಬಿಚ್ಚುವಾಗ. ಈ ಊರಿಗೆ ತಾವು ಬಂದ ರೈಲು ದಾರಿಯುದ್ದಕ್ಕೂ ಸೂರ್ಯ ಮುಳುಗುವ ಕಡೆಗೇ ಓಡಿತ್ತಲ್ಲ! ಸೂರ್ಯ ಮೊದಲು ಹಳೆಯ ಊರಿನಲ್ಲಿ ಮುಳುಗಿ, ಆಮೇಲಲ್ಲವೇ ಇಲ್ಲಿ ಮುಳುಗಬೇಕು. ಗಡಿಯಾರದ ಹೊತ್ತು ಮಾತ್ರ ಎರಡೂ ಊರಿಗೆ ಒಂದೇ. ಕತ್ತರಿ ಕೆಳಗಿಟ್ಟು ನೇರ ಅಣ್ಣನ ಮನೆಗೆ ನಡೆದಳು.

ಅಣ್ಣ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮುಖ ಗಂಟು ಹಾಕಿಕೊಂಡ.

"ಅಪ್ಪನ ಲೆಕ್ಕದಲ್ಲೇ ತಪ್ಪು ಹುಡುಕ್ತೀಯಾ? ಗೋರಿಯಲ್ಲಿರೋರ ಜೊತೆ ಜಗಳಾನಾ?"

"ಲೆಕ್ಕ ಸರಿಯಾಗೇ ಇದೆ ಅಣ್ಣಾ. ಅವರು ಒಂದು ಮೈಗೆ ಅಳತೆ ತಗೊಂಡು ಅಂಗಿ ಹೊಲಿದ್ರು, ನಾವು ಅದನ್ನ ಬೇರೆ ಮೈಗೆ ತೊಡಿಸಿದ್ವಿ. ಮಹಡಿಗೆ ಬಂದು ಒಂದ್ಸಲ ನೋಡು."

"ನೋಡಲ್ಲ. ಆ ಹಲಗೆ ಬಿಟ್ರೆ ಅಪ್ಪಂದು ಇಲ್ಲಿ ಇನ್ನೇನಿದೆ ಹೇಳು?"

ಅವನ ದನಿ ಒಡೆಯಿತು. ಟೇಪಕ್ಕನಿಗೆ ಸಿಟ್ಟೆಲ್ಲ ಇಳಿದುಹೋಯಿತು. ಅಣ್ಣ ಕಾಯುತ್ತಿದ್ದದ್ದು ಹೊತ್ತನ್ನಲ್ಲ, ಅಪ್ಪನನ್ನು. ಅವಳು ಮನೆಗೆ ಬಂದು, ಬಟ್ಟೆಯ ಹಗ್ಗ ಬಿಚ್ಚಿ, ಕೋಲನ್ನು ತಂದು ಅವನ ಮುಂದಿಟ್ಟಳು.

"ಇನ್ನೊಂದು ಇದೆ. ಅಪ್ಪನ ಕೋಲು, ಅಪ್ಪ ಅಳೀತಿದ್ದ ರೀತಿ. ನಾನು ಮುಟ್ಟಲ್ಲ. ನೀನೇ ನೆಡು, ನೀನೇ ಅಳೆ. ನಾನು ಹೇಳಿದ್ದು ಸುಳ್ಳಾದ್ರೆ ಮತ್ತೆ ಈ ಮಾತು ಎತ್ತಲ್ಲ."

ಅಣ್ಣ ಒಪ್ಪಿದ್ದು ತಂಗಿಯ ಬಾಯಿ ಮುಚ್ಚಿಸುವುದಕ್ಕೆ. ಮರುದಿನ ಬೆಳಿಗ್ಗೆ ಮಸೀದಿಯ ಅಂಗಳದಲ್ಲಿ ಕೋಲು ನೆಟ್ಟ. ಟೇಪಕ್ಕ ಬಾಗಿಲ ಬಳಿ ನಿಂತು ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಟೇಪಿನ ಒಂದು ತುದಿ ಕೋಲಿನ ಬುಡಕ್ಕೆ ಹಿಡಿದು ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದ. ಬೆಳಗಿನ ನೆರಳು ಕುಗ್ಗುತ್ತ ವೃತ್ತದ ಒಳಗೆ ಬಂದ ಕಡೆ ಒಂದು ಚುಕ್ಕಿ, ಮಧ್ಯಾಹ್ನ ಬೆಳೆಯುತ್ತ ಹೊರಗೆ ಹೋದ ಕಡೆ ಇನ್ನೊಂದು. ಎರಡು ಚುಕ್ಕಿಗಳ ಸರಿಮಧ್ಯಕ್ಕೆ ಕೋಲಿನ ಬುಡದಿಂದ ಗೆರೆ. ಕಂಠದ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲದ ಮನುಷ್ಯ, ಮೊಣಕಾಲೂರಿ ಗೆರೆ ಎಳೆಯುವಾಗ ಉಸಿರೇ ಬಿಡಲಿಲ್ಲ.

"ಇದೇ ನಡುಗೆರೆ. ನಾಳೆ ನೆರಳು ಇದನ್ನ ದಾಟಿದ ಮೇಲೆ ನೀನು ಕೂಗು, ಮೊದಲಲ್ಲ" ಎಂದಳು.

ಮರುದಿನ ಮಧ್ಯಾಹ್ನ, ರೇಡಿಯೊಗೆ ಸರಿಹೊಂದಿಸಿದ ಗಡಿಯಾರ ಹಲಗೆಯಲ್ಲಿ ಬರೆದ ಹೊತ್ತನ್ನು ಮುಟ್ಟಿತು. ನಮಾಜಿಗೆ ಬಂದವರು ಕೈಕಾಲು ತೊಳೆದು ಅಜಾನಿಗೆ ಕಾದರು. ಅಣ್ಣ ಕೂಗಲು ಕಿವಿಯ ಹತ್ತಿರ ಕೈ ತಂದು ಅಂಗಳದತ್ತ ನೋಡಿದ. ನೆರಳು ಗೆರೆಯಿಂದ ನಾಲ್ಕು ಬೆರಳಿನಷ್ಟು ಈಚೆಯೇ ಇತ್ತು. ಎತ್ತಿದ ಕೈ ನಿಧಾನವಾಗಿ ಇಳಿಯಿತು.

"ಏನಾಯ್ತು, ಗಂಟಲು ಕಟ್ತಾ?" ಎಂದು ಯಾರೋ ಕೇಳಿದರು.

ಅಣ್ಣ ಹೋಗಿ ನೆರಳಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಸುತ್ತ ಬಂದು ನಿಂತರು. "ಬಿಸಿಲಿಗೆ ಅಡ್ಡ ನಿಲ್ಲಬೇಡಿ" ಎಂದು ಟೇಪಕ್ಕ ಬಾಗಿಲಿಂದ ಗದರಿಸಿದಳು, ಎಲ್ಲರೂ ಹಿಂದೆ ಸರಿದರು. ಮೂರು ಬೆರಳಾಯಿತು, ಎರಡಾಯಿತು. ಎಂದೂ ಕಾದು ಗೊತ್ತಿಲ್ಲದ ಗಲ್ಲಿ ಆ ದಿನ ನಿಂತು ಕಾಯಿತು. ನೆರಳು ಗೆರೆಯ ಮೇಲೆ ಬಂದು ಮಲಗಿತು, ಆಮೇಲೆ ಕೂದಲೆಳೆಯಷ್ಟು ಆಚೆ ಸರಿಯಿತು. ಗಡಿಯಾರದಲ್ಲಿ ಹನ್ನೆರಡು ನಿಮಿಷ ಹೆಚ್ಚಾಗಿತ್ತು.

ಅಣ್ಣ ಎದ್ದು ಕೂಗಿದ. ಅವನ ಮೊದಲ ಮಾತು ಮುಗಿಯುವುದರೊಳಗೆ ನದಿಯಾಚೆಯಿಂದಲೂ ಅಜಾನ್ ಎದ್ದಿತು. ಎರಡೂ ದನಿ ಜೊತೆಯಾಗಿ ಊರ ಮೇಲೆ ಹರಡಿದ್ದು ಅದೇ ಮೊದಲು. ಟೇಪಕ್ಕನಿಗೆ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಗೆದ್ದೆ ಎಂದು ಅನಿಸಿತು, ಅದನ್ನು ಅವಳು ತನ್ನಿಂದ ತಾನೇ ಮುಚ್ಚಿಡಲೂ ಇಲ್ಲ.

ನಮಾಜು ಮುಗಿಸಿ ಅಣ್ಣ ಎಲ್ಲರ ಮುಂದೆ ನಿಂತ. "ಇಷ್ಟು ವರ್ಷ ನಿಮ್ಮನ್ನ ಅವಸರ ಮಾಡಿಸಿದವನು ನಾನು. ಗೊತ್ತಿಲ್ಲದೆ ಆಗಿದ್ದು. ನಾನೂ ಕ್ಷಮೆ ಕೇಳ್ಕೋತೀನಿ, ನೀವೂ ಕೇಳ್ಕೊಳ್ಳಿ" ಎಂದ. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ನದಿಯಾಚೆಯವರ ಹತ್ರಾನೂ ಕೇಳಬೇಕಾಗುತ್ತೆ, ಅವರ ನಿದ್ದೆ ಬಗ್ಗೆ ಬಹಳ ಆಡಿದ್ದೀವಿ" ಎಂದ. ಅಣ್ಣನಿಗೂ ನಗು ತಡೆಯಲಾಗಲಿಲ್ಲ.

ಆ ವಾರವೇ ಹಲಗೆಯನ್ನು ಗೋಡೆಯಿಂದ ಇಳಿಸಿದವನು ಅಣ್ಣನೇ. ತಂಗಿಯ ಹೊಲಿಗೆ ಮೇಜಿನ ಮೇಲೆ ತಂದಿಟ್ಟು, ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಪಕ್ಕದಲ್ಲಿಟ್ಟ. ಟೇಪಕ್ಕ ಒಂದೊಂದೇ ಸಾಲಿಗೆ ಹನ್ನೆರಡು ನಿಮಿಷ ಸೇರಿಸಿ ಹೊಸ ಊರಿನ ಅಳತೆಗೆ ತಿದ್ದಿ ಬರೆದಳು. ಎಲ್ಲ ಮುಗಿದಾಗ ಅಣ್ಣ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟ.

"ಇಲ್ಲಿ ಬರಿ. ಲೆಕ್ಕ ಅಪ್ಪನದು, ಅಳತೆ ಮಗಳದು."

ಆ ಸಂಜೆ ಅವಳು ಮಹಡಿ ಹತ್ತಿದಳು. ಆಸರೆಯಿಲ್ಲದ ಹಗ್ಗ ನೆಲಕ್ಕೆ ಜೋತುಬಿದ್ದಿತ್ತು. ಪಡುವಣದಲ್ಲಿ ಸೂರ್ಯ ಅರ್ಧವಾದ, ಕಾಲಾದ, ಉಗುರಿನಷ್ಟಾದ, ಪೂರ್ತಿ ಮುಳುಗಿದ. ಆಮೇಲೆ ಕೆಳಗಿನಿಂದ ಅಣ್ಣನ ದನಿ ಎದ್ದಿತು.