ಮುದ್ರೆ ಬೀಳದ ಕಾಗದ

ಅಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇಲ್ಲ. ಪರದೇಶದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ನೆಲ ಒರೆಸಿ, ಔಷಧದ ನೀರಿನಲ್ಲಿ ಕೈ ಅದ್ದಿ ಅದ್ದಿ, ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿದೆ. ವಿಮಾನ ನಿಲ್ದಾಣದ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲವಂತೆ. ಈಗ ನ್ಯಾಯಬೆಲೆ ಅಂಗಡಿಯ ಯಂತ್ರವೂ ಗುರುತಿಸುವುದಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿಕೊಂಡೇ ಹೋಗುತ್ತಾಳೆ. ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಒಂದೇ ಕೆಲಸ: ಒಂದು ಕಾಗದಕ್ಕೆ ಬೆಂಗಳೂರಿನಲ್ಲಿ ಮುದ್ರೆ ಹಾಕಿಸಿ ಕಳಿಸುವುದು. ನಾನು ಅದನ್ನು ಮಾಡಲಿಲ್ಲ. ಮಾಡುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ನಾನು ಒಂದನೇ ತರಗತಿಗೇ ಶಾಲೆ ಬಿಟ್ಟವನು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ನನಗೆ ಸಹಿ ಕಲಿಸಿದವಳು ಅಕ್ಕ. ಭಟ್ಟಿಯ ಬೂದಿಯನ್ನು ಕಲ್ಲಿನ ಮೇಲೆ ಹರಡಿ ಕಡ್ಡಿಯಲ್ಲಿ ತಿದ್ದಿಸಿದಳು. "ಎಲ್ಲೂ ಹೆಬ್ಬೆಟ್ಟು ಒತ್ತಬ್ಯಾಡ ತಮ್ಮಾ. ಒತ್ತಿದೋನ್ನ ಕುರ್ಚಿ ಮ್ಯಾಲೆ ಕೂಡ್ರಿ ಅನ್ನಲ್ಲ ಯಾರೂ" ಅನ್ನುತ್ತಿದ್ದಳು. ನಾನು ಕಲಿತದ್ದು ನನ್ನ ಹೆಸರಿನ ಐದು ಅಕ್ಷರ ಅಷ್ಟೇ. ಅದರಾಚೆ ಬರೆಯಲು ಬರುವುದಿಲ್ಲ ಎಂಬುದನ್ನು ಮುಚ್ಚಿಡುವುದನ್ನೂ ಚೆನ್ನಾಗಿ ಕಲಿತೆ. ಈಗ ಇದನ್ನೂ ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ.

ಭಾವ ಗುತ್ತೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಕೊಲ್ಲಿಯ ಒಂದು ಸಣ್ಣ ದೇಶಕ್ಕೆ ಹೋದ. ಅಕ್ಕನಿಗೆ ಕೆಲಸ ಸಿಕ್ಕಿದ್ದು ಪಕ್ಕದ ಇನ್ನೊಂದು ಸಣ್ಣ ದೇಶದಲ್ಲಿ. "ದಾವಣಗೆರೆ ಹರಿಹರ ಇದ್ದಂಗೆ ಕಣೋ. ನಡುವೆ ಸಮುದ್ರ ಐತೆ, ಅಷ್ಟೇ" ಅನ್ನುತ್ತಿದ್ದಳು. ವಿಮಾನ ಹತ್ತಿದರೆ ಒಂದು ಗಂಟೆಯೂ ಇಲ್ಲ. ಇಳಿದ ಮೇಲೆ ಅಲ್ಲೇ ವೀಸಾ ಚೀಟಿ ಕೊಡುತ್ತಿದ್ದರು. ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗಂಡನ ಹತ್ತಿರ ಹೋಗಿ ಬರುತ್ತಿದ್ದಳು.

ಆಮೇಲೆ ಆ ಎರಡು ದೇಶಗಳಿಗೆ ಜಗಳವಾಯಿತು. ರಾಯಭಾರಿಗಳು ಮನೆಗೆ ಹೋದರು, ವಿಮಾನ ನಿಂತಿತು. ಅಕ್ಕ ಮೊದಲು ಫೋನಿನಲ್ಲಿ ನಕ್ಕಳು. "ದಾವಣಗೆರೆಯೋರು ಹರಿಹರದೋರು ಜಗಳಾಡಿದ್ರೆ ಹರಿಹರದ ಮ್ಯಾಲೆ ನಿಮ್ಮ ಭಾವನೂರಿಗೆ ಹೋಗೋ ನಂದಿಗುಡಿ ಬಸ್ ನಿಲ್ಲಿಸ್ತಾರೇನೋ? ಇವ್ರು ನಿಲ್ಲಿಸ್ಯಾರೆ ನೋಡು!"

ಮೂರನೆಯ ತಿಂಗಳಲ್ಲಿ ಭಾವ ಕಾಮಾಲೆ ಏರಿ ಆಸ್ಪತ್ರೆ ಸೇರಿದ. ಅಕ್ಕ ಈಗ ಮೂರನೆಯ ದೇಶ ಸುತ್ತಿ ಹೋಗಬೇಕು, ವೀಸಾ ಮೊದಲೇ ಬೇಕು, ಹೆಂಡತಿಯೆಂಬುದಕ್ಕೆ ನಮ್ಮ ಸರ್ಕಾರದ ಮುದ್ರೆ ಬಿದ್ದ ಮದುವೆ ಪ್ರಮಾಣಪತ್ರ ಬೇಕು. ಆ ಪತ್ರ ನನ್ನ ಟ್ರಂಕಿನಲ್ಲಿತ್ತು. "ಹುಷಾರಾಗಿ ಒಯ್ಯಿ ತಮ್ಮಾ. ಕಾಗದ ಅಂದ್ರೆ ಎಳೆಕೂಸು ಇದ್ದಂಗೆ. ನೀರು ತಾಗಬಾರ್ದು, ಮಡಚಬಾರ್ದು" ಎಂದಳು.

ಹುಷಾರಾಗಿಯೇ ಒಯ್ದೆ. ಮೊದಲು ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. "ನೋಡ್ರಿ ಅಣ್ಣಾರ, ನೀವು ಹೋದ್ರೂ ಇದು ಇರ್ತೈತೆ" ಎಂದು ಅಂಗಡಿಯವನು ಬಿಸಿ ಹಾಳೆ ಕೈಗಿಟ್ಟ. ಎದೆಗೊತ್ತಿಕೊಂಡು ಬೆಂಗಳೂರಿಗೆ ಹೋದೆ.

ಮುದ್ರೆ ಹಾಕುವ ಕಚೇರಿಯ ಕಿಟಕಿಯ ಹಿಂದಿದ್ದ ಹೆಂಗಸು ಅದನ್ನು ಬೆರಳಿನಿಂದ ತಟ್ಟಿದರು. "ಇದಕ್ಕೆ ಪ್ಲಾಸ್ಟಿಕ್ ಹಾಕ್ಸು ಅಂತ ಯಾರ್ರೀ ಹೇಳಿದ್ದು? ಇದರ ಮೇಲೆ ಮುದ್ರೆ ಹಾಕಕ್ಕಾಗಲ್ಲ. ನಿಮ್ಮೂರ ನೋಂದಣಿ ಆಫೀಸಲ್ಲಿ ಅರ್ಜಿ ಕೊಟ್ಟು ಇನ್ನೊಂದು ಪ್ರತಿ ತನ್ನಿ."

ಮನೆಗೆ ಬಂದು ಬ್ಲೇಡಿನಿಂದ ಪ್ಲಾಸ್ಟಿಕ್ ಬಿಡಿಸಲು ಹೋದೆ. ಭಾವನ ಹೆಸರಿನ ಅರ್ಧ ಕಿತ್ತು ಬಂತು.

ಮದುವೆ ನೋಂದಣಿಯಾಗಿದ್ದ ಹರಿಹರದ ಕಚೇರಿಗೆ ಹೋದೆ. ಅರ್ಜಿ ಕೈಗಿಟ್ಟು "ತುಂಬಿಸಿ ಕೊಡ್ರಿ" ಎಂದರು. ನನ್ನ ಹಿಂದೆ ನಮ್ಮ ಬೀದಿಯ ಮೇಷ್ಟ್ರು ನಿಂತಿದ್ದರು. "ಏನಪ್ಪಾ, ಯಾಕ ಬಂದೆ?" ಎಂದರು. "ಸುಮ್ನೆ ಬಂದಿದ್ದೆ ಸಾರ್" ಎಂದೆ. ಬರೆದುಕೊಡಿ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಖಾಲಿ ಅರ್ಜಿ ಜೇಬಿನಲ್ಲಿಟ್ಟುಕೊಂಡು ವಾಪಸ್ ಬಂದೆ. ಮರುವಾರ ಗೇಟಿನವರೆಗೆ ಹೋಗಿ ತಿರುಗಿದೆ.

"ಮುದ್ರೆ ಬಿತ್ತೇನು ತಮ್ಮಾ?" ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು.

"ಕೊಟ್ಟೀನಿ ಅಕ್ಕ. ಸೋಮವಾರ ಬರ್ತೈತೆ."

"ನೀನಿದೀಯಲ್ಲ, ಅದೇ ಧೈರ್ಯ ನೋಡು."

ಹೀಗೆ ಮೂರು ಸೋಮವಾರ ಹೋದವು. ನಾಲ್ಕನೆಯದಕ್ಕೆ ಮೊದಲೇ ಭಾವ ತೀರಿಕೊಂಡ. ಅಕ್ಕ ಒಂದು ಗಂಟೆಯ ದೂರದಲ್ಲಿ ವಾರ್ಡ್ ಒರೆಸುತ್ತಿದ್ದಳಂತೆ. ಕಾಗದ ಕಚೇರಿಯಲ್ಲೇ ಕಳೆಯಿತು ಎಂದು ಇನ್ನೊಂದು ಸುಳ್ಳು ಹೇಳಿದೆ.

ದೇಹ ಎರಡು ವಿಮಾನ ಬದಲಿಸಿ ಅವನ ಊರು ನಂದಿಗುಡಿಗೆ ಬಂತು. ಅಕ್ಕ ಒಂದು ದಿನ ಮೊದಲೇ ಬಂದು ಕಾದಿದ್ದಳು. ಮಣ್ಣಿನ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು, "ಕಡೇಗಾಲದಾಗೆ ಜೊತಿಗಿರಾಕೆ ಆಗ್ಲಿಲ್ವೇನವ್ವ?" ಅಕ್ಕ ನನ್ನ ಕಡೆ ಕೈ ತೋರಿಸಿದಳು. "ದೇಶದೇಶದ ಜಗಳ, ಬಿಡಲಿಲ್ಲರೀ. ನನ್ನ ತಮ್ಮ ಪಾಪ, ಬೆಂಗಳೂರಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ." ನನ್ನ ಕೈಯಲ್ಲಿ ಹಿಡಿ ಮಣ್ಣಿತ್ತು. ಅದನ್ನು ಹಾಕುವುದಕ್ಕೂ ಆಗಲಿಲ್ಲ.

ಮತ್ತೆ ಅವಳು ಪರದೇಶಕ್ಕೆ ಹೋಗಲಿಲ್ಲ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮೊಡನೆಯೇ ಇದ್ದಾಳೆ. ಬೀದಿಯಲ್ಲಿ ಯಾರಿಗೆ ಪಾಸ್‌ಪೋರ್ಟ್ ಬೇಕಿದ್ದರೂ ಅವಳೇ ಅರ್ಜಿ ತುಂಬುತ್ತಾಳೆ, ತುಂಬಿ ಪ್ರತಿ ಸಲ ಒಂದು ಮಾತು ಹೇಳುತ್ತಾಳೆ: "ಅಸಲಿ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಬ್ಯಾಡ್ರಿ. ಮುದ್ರೆ ಕೂಡ್ರಲ್ಲ." ಆಗ ನಾನು ಎದ್ದು ಹಿತ್ತಿಲಿಗೆ ಹೋಗುತ್ತೇನೆ. ಮುದ್ರೆ ಬಿದ್ದಿದ್ದರೂ ವೀಸಾ ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆ ಅನುಮಾನದ ಹಿಂದೆ ಇಷ್ಟು ವರ್ಷ ಅಡಗಿಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ಅಕ್ಕ ರೇಷನ್ನಿಗೆ ಹೊರಟು ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಎರಡು ದೇಶಗಳು ರಾಜಿಯಾದವು, ರಾಯಭಾರಿಗಳು ಮರಳಿದರು, ವಿಮಾನ ಹಾರುತ್ತಿದೆ ಎಂದು ಟಿವಿಯಲ್ಲಿ ಬಂತು. ಇಬ್ಬರು ದೊಡ್ಡವರು ತಬ್ಬಿಕೊಂಡು ನಗುತ್ತಿದ್ದರು. ಅಕ್ಕನ ಕೈ ನಿಂತಿತು.

"ಇಷ್ಟೇ ಇತ್ತಾ?" ಎಂದಳು. "ಇದನ್ನ ಅವತ್ತೇ ಮಾಡಿದ್ರೆ ನಿಮ್ಮ ಭಾವನ ಬಾಯಿಗೆ ನಾನು ಒಂದು ಗುಟುಕು ನೀರು ಬಿಡ್ತಿದ್ದೆ. ಪಾಪಿಗಳು."

ನಾನು ಒಳಗೆ ಹೋಗಿ ಟ್ರಂಕಿನ ತಳದಿಂದ ಆ ಕಾಗದ ತಂದು ಅವಳ ಮಡಿಲಲ್ಲಿಟ್ಟೆ. ಕಿತ್ತುಹೋದ ಹೆಸರಿನ ಮೇಲೆ ಅವಳ ನುಣ್ಣನೆಯ ಹೆಬ್ಬೆರಳು ಹೋಯಿತು. ತಲೆ ಎತ್ತಿ ನೋಡಿದಳು. ನಾನು ನೆಲದ ಮೇಲೆ ಕೂತೆ.

"ಅವ್ರನ್ನ ಬೈಬ್ಯಾಡ ಅಕ್ಕ. ಇದು ಕಳೀಲಿಲ್ಲ. ನಾನೇ ಪ್ಲಾಸ್ಟಿಕ್ ಹಾಕಿಸಿ ಕೆಡಿಸಿದೆ. ಹರಿಹರದಾಗೆ ಇನ್ನೊಂದು ಕೊಡ್ತಿದ್ರು. ಅರ್ಜಿ ಬರೆಯಾಕೆ ಬರಲ್ಲ ಅನ್ನಾಕೆ ನಾಚಿಕೆ ಆತು ನನಗೆ. ಸೋಮವಾರ, ಸೋಮವಾರ ಅಂತ ನಿನಗೆ ಸುಳ್ಳು ಹೇಳಿದೆ. ತಪ್ಪಾತು ಅಕ್ಕ. ನನ್ನಿಂದ ತಪ್ಪಾತು."